ಕೊಡಗಿನ ಬಾಡಿಗೆ ಮನೆ ನಮ್ಮನೆ ಅನ್ನಿಸಬೇಕಾದರೆ ಮೊದಲು ಥಂಡಿ ಓಡಿಸಿ

ಮಡಿಕೇರಿ, ವಿರಾಜಪೇಟೆ, ಸೋಮವಾರಪೇಟೆ ಕಡೆಗೆ ಹೊಸದಾಗಿ ಬಂದವರು ಬಾಡಿಗೆ ಮನೆ ಸಿಕ್ಕಿದ್ದೇ ತಡ ಕರ್ಟನ್, ಸೋಫಾ ಕವರ್, ಗೋಡೆಗೆ ಹಾಕೋ ಚಿತ್ರ ಅಂತ ಓಡಾಡಲು ಶುರು ಮಾಡುತ್ತಾರೆ. ಅದೆಲ್ಲ ಆಮೇಲೆ. ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿ.ಮೀ.ಗೂ ಜಾಸ್ತಿ ಮಳೆ ಬೀಳುತ್ತದೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ. ಆ ನಾಲ್ಕು ತಿಂಗಳು ಒಳಗೆ ಬೆಚ್ಚಗಿದ್ದು, ಹಾಸಿಗೆ ಬಟ್ಟೆ ಒಣಗಿದ್ದರೆ ಯಾವ ಮನೆಯೂ ನಿಮ್ಮದೇ ಅನ್ನಿಸುತ್ತದೆ. ಇಲ್ಲದಿದ್ದರೆ ಎಷ್ಟು ಚೆಂದ ಮಾಡಿಟ್ಟರೂ ಪ್ರಯೋಜನ ಇಲ್ಲ. ಕುಶಾಲನಗರದವರಿಗೆ ಇಷ್ಟು ಕಷ್ಟ ಇಲ್ಲ, ಭಾಗಮಂಡಲ ಕಡೆಯವರಿಗೆ ಇನ್ನೂ ಜಾಸ್ತಿ.

ಬೇಸಿಗೆಯಲ್ಲಿ, ಹೊಸ ಪೇಂಟ್ ಹೊಡೆದಿರುವಾಗ, ಎಲ್ಲಾ ಮನೆಯೂ ಚೆನ್ನಾಗೇ ಕಾಣುತ್ತದೆ. ಹಾಗಾಗಿ ನೋಡಲು ಹೋದಾಗ ಗೋಡೆ ಕಪಾಟಿನ ಬಾಗಿಲು ತೆಗೆದು ಮೂಸಿ ನೋಡಿ, ತಾರಸಿಯ ಮೂಲೆಗಳನ್ನು ನೋಡಿ, ಪಶ್ಚಿಮದ ಗೋಡೆಯ ಮೇಲೆ ಕೈಯಾಡಿಸಿ. ಮಳೆಗಾಲದ ಗಾಳಿ ನೈಋತ್ಯದಿಂದ ಬೀಸುವುದರಿಂದ ಏಟು ತಿನ್ನುವುದು ಆ ಕಡೆಯೇ. ಇಲ್ಲಿ ಎಷ್ಟೋ ಮನೆಗಳಲ್ಲಿ ಆ ಗೋಡೆಗೆ ಹೊರಗಿನಿಂದ ಶೀಟ್ ಹೊಡೆದಿರುತ್ತಾರೆ. ನಿಮ್ಮ ಮನೆಗೆ ಇಲ್ಲದಿದ್ದರೆ ಏಪ್ರಿಲ್‌ನಲ್ಲೇ ಮಾಲೀಕರ ಹತ್ತಿರ ಮಾತಾಡಿ. ಜೂನ್ ಆದ ಮೇಲೆ ಕೆಲಸದವರು ಸಿಗುವುದಿಲ್ಲ, ಸಿಕ್ಕಿದರೂ ಮಳೆ ಬಿಡುವುದಿಲ್ಲ.

ಇನ್ನು ಬೂಷ್ಟು. ಒಳಗಿನ ಬೆಚ್ಚನೆಯ ಹಸಿ ಗಾಳಿ ತಣ್ಣನೆಯ ಗೋಡೆಗೆ ತಾಗಿದ ಕಡೆ ನೀರು ಕೂರುತ್ತದೆ, ಅಲ್ಲೇ ಬೂಷ್ಟು ಹುಟ್ಟುತ್ತದೆ. ಬೀರು, ಮಂಚ, ಪುಸ್ತಕದ ಶೆಲ್ಫ್ ಯಾವುದನ್ನೂ ಗೋಡೆಗೆ ಅಂಟಿಸಿ ಇಡಬೇಡಿ, ಒಂದು ಅಂಗೈ ಹೋಗುವಷ್ಟು ಜಾಗ ಬಿಡಿ. ಚರ್ಮದ ಬೆಲ್ಟ್, ಶೂ, ಬ್ಯಾಗ್‌ಗಳೇ ಮೊದಲು ಹಾಳಾಗುವುದು, ವಾರಕ್ಕೊಮ್ಮೆ ಒಣ ಬಟ್ಟೆಯಲ್ಲಿ ಒರೆಸಿ. ರೇಷ್ಮೆ ಸೀರೆಗಳನ್ನು ಮೇ ತಿಂಗಳ ಬಿಸಿಲಲ್ಲೇ ಗಾಳಿಯಾಡಿಸಿ, ಗಟ್ಟಿ ಮುಚ್ಚಳದ ಡಬ್ಬದಲ್ಲಿ ಸಿಲಿಕಾ ಜೆಲ್ ಹಾಕಿ ಎತ್ತಿಡಿ. ಹಳಬರು ಬೀರುವಿನ ತಳದಲ್ಲಿ ಬಲ್ಬ್ ಉರಿಸುತ್ತಾರೆ. ಒಳ್ಳೆಯ ಉಪಾಯ, ಆದರೆ ಅದಕ್ಕೆ ಹಳೇ ಕಾಲದ ತಂತಿ ಬಲ್ಬೇ ಬೇಕು, ಎಲ್‌ಇಡಿ ಅಷ್ಟು ಬಿಸಿಯಾಗುವುದಿಲ್ಲ. ಬಟ್ಟೆ ಹತ್ತಿರ ಬರದಂತೆ ಸುತ್ತ ಜಾಲರಿ ಇರಲಿ, ಹೊರಗೆ ಹೋಗುವಾಗ ಮರೆಯದೆ ಆರಿಸಿ.

ಒದ್ದೆ ಬಟ್ಟೆಯನ್ನು ಮಲಗುವ ಕೋಣೆಯಲ್ಲಿ ಹರವಲೇಬೇಡಿ, ಅದರ ನೀರೆಲ್ಲ ಸೇರುವುದು ಗೋಡೆಗೇ. ಒಂದು ಕೋಣೆಯನ್ನು ಬಟ್ಟೆಗೇ ಅಂತ ಬಿಟ್ಟು, ಫ್ಯಾನ್ ಹಾಕಿ, ಆ ಕೋಣೆಯ ಕಿಟಕಿ ಸ್ವಲ್ಪ ತೆಗೆದಿಡಿ. ಅಗ್ಗಿಷ್ಟಿಕೆ ಇಟ್ಟು ಒಣಗಿಸುವ ರೂಢಿ ಇಲ್ಲಿದೆ. ದಯವಿಟ್ಟು ಕಿಟಕಿ ಬಾಗಿಲು ಮುಚ್ಚಿದ ಕೋಣೆಯಲ್ಲಿ ಕೆಂಡ ಇಡಬೇಡಿ, ಅದನ್ನಿಟ್ಟುಕೊಂಡು ಮಲಗಲಂತೂ ಬೇಡ. ಕೆಂಡದಿಂದ ಬರುವ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆ ಇಲ್ಲ, ನಿದ್ದೆಯಲ್ಲೇ ಜೀವ ಹೋಗುತ್ತದೆ. ಗೋಡೆಯಲ್ಲಿ ಆಗಲೇ ಬೂಷ್ಟು ಬಂದಿದ್ದರೆ ಮಾಸ್ಕ್ ಹಾಕಿಕೊಂಡು ವಿನೆಗರ್‌ನಲ್ಲಿ ಒರೆಸಿ, ಪೂರ್ತಿ ಒಣಗಿಸಿ. ಮಳೆಗಾಲದಲ್ಲಿ ಅದರ ಮೇಲೆ ಪೇಂಟ್ ಹೊಡೆದರೆ ಸುಮ್ನೆ ದುಡ್ಡು ದಂಡ.

ಬೆಳಕಿನ ವಿಷಯಕ್ಕೆ ಬಂದರೆ, ಹೊರಗೆ ದಿನವಿಡೀ ಮೋಡ, ಮಂಜು ಇರುವಾಗ ಬಿಳಿ ಟ್ಯೂಬ್‌ಲೈಟ್ ಮನಸ್ಸನ್ನು ಇನ್ನೂ ಮಂಕು ಮಾಡುತ್ತದೆ. ವಾರ್ಮ್ ವೈಟ್ ಅಂತ ಬರೆದಿರುವ ಬಲ್ಬ್ ಹಾಕಿ ನೋಡಿ. ಮೊಳೆ ಹೊಡೆಯಬಾರದು ಅಂದಿದ್ದರೆ ಅಂಟಿನ ಹುಕ್ ನಂಬಬೇಡಿ, ಹಸಿ ಗೋಡೆಯಲ್ಲಿ ಅದು ಪೇಂಟ್ ಸಮೇತ ಕಿತ್ತು ಬರುತ್ತದೆ. ಚಿತ್ರಗಳನ್ನು ಶೆಲ್ಫ್ ಮೇಲೆ ಒರಗಿಸಿಟ್ಟರೆ ಸಾಕು. ಗಾಳಿಗೆ ಮರ ಬಿದ್ದು ಲೈನ್ ಹೋದರೆ ಕರೆಂಟ್ ಯಾವಾಗ ಬರುತ್ತದೋ ಹೇಳಲಾಗದು. ಎಮರ್ಜೆನ್ಸಿ ಲೈಟ್, ಪವರ್ ಬ್ಯಾಂಕ್ ಚಾರ್ಜ್ ಆಗಿರಲಿ. ಮೋಟಾರ್ ನಿಂತರೆ ನೀರೂ ಇಲ್ಲ, ಬಕೆಟ್‌ಗಳಲ್ಲಿ ತುಂಬಿಸಿಡಿ.

ಕಾಗದಪತ್ರದಲ್ಲಿ ಒಂದು ಮಾತು. ಸರ್ಕಾರದ ಉಚಿತ ಕರೆಂಟಿನ ಯೋಜನೆ ಗೃಹಜ್ಯೋತಿ ಬಾಡಿಗೆದಾರರಿಗೂ ಸಿಗುತ್ತದೆ, 2023ರಿಂದ ಇದೆ. ಹಿಂದೆ ಇದ್ದವರ ಆಧಾರ್ ಆ ಮೀಟರ್‌ಗೆ ಹಾಗೇ ಜೋಡಣೆಯಾಗಿದ್ದರೆ ಅದನ್ನು ಮೊದಲು ಬಿಡಿಸಬೇಕು, ಅಡ್ವಾನ್ಸ್ ಕೊಡುವಾಗಲೇ ಕೇಳಿಬಿಡಿ. ಒಳಗೆ ಬಂದ ದಿನ ಗೋಡೆಗಳ ಫೋಟೋ ತೆಗೆದಿಡಿ. ಬಿಡುವಾಗ ಥಂಡಿ ಕಲೆಗೆ ನಿಮ್ಮ ಅಡ್ವಾನ್ಸ್ ಮುರಿದುಕೊಳ್ಳುವುದು ನ್ಯಾಯ ಅಲ್ಲ ಅಲ್ವಾ?

ಅಕ್ಕಪಕ್ಕದವರ ಪರಿಚಯಕ್ಕೆ ಇಲ್ಲಿ ಗಿಡದಷ್ಟು ಸುಲಭದ ದಾರಿ ಬೇರೆ ಇಲ್ಲ. ಕೊಡಗಿನವರಿಗೆ ಹೂವಿನ ಗಿಡ ಅಂದರೆ ಪ್ರಾಣ. ಜೂನ್ ಮೊದಲ ಮಳೆಗೆ ಪಕ್ಕದ ಮನೆಯವರ ಹೈಡ್ರೇಂಜಿಯಾದ ಒಂದು ಕಡ್ಡಿ ಕೇಳಿ. ಎರಡು ಗೆಣ್ಣು ಮಣ್ಣೊಳಗೆ ಹೋಗುವಂತೆ ಕುಂಡದಲ್ಲಿ ಊರಿ, ನೆರಳಿಗಿಡಿ, ಮಳೆಗೆ ಸಲೀಸಾಗಿ ಬೇರು ಬಿಡುತ್ತದೆ. ಬದುಕಿತಾ ಅಂತ ಕೇಳಲು ಅವರೇ ಬರುತ್ತಾರೆ, ಆಗ ಕಾಫಿ ಕೊಡಿ. ಆಗಸ್ಟ್ ಮೊದಲ ವಾರ, ಕೊಡವ ಪಂಚಾಂಗದ ಕಕ್ಕಡ ತಿಂಗಳ 18ಕ್ಕೆ, ಮದ್ದು ಸೊಪ್ಪಿನ ನೇರಳೆ ಬಣ್ಣದ ಪಾಯಸ ಮಾಡುತ್ತಾರೆ. ನಿಮ್ಮ ಮನೆಗೂ ಒಂದು ಬಟ್ಟಲು ಬಂದರೆ ಸಂತೋಷವಾಗಿ ತಿನ್ನಿ. ಮಾರನೇ ದಿನ ಮೂತ್ರ ಕೆಂಪಾದರೆ ಗಾಬರಿ ಬೇಡ, ಅದು ಸೊಪ್ಪಿನ ಬಣ್ಣ. ಪಾತ್ರೆಯನ್ನು ಮಾತ್ರ ಖಾಲಿ ವಾಪಸ್ ಕೊಡಬೇಡಿ, ನಿಮ್ಮೂರಿನ ತಿಂಡಿ ಏನಾದರೂ ಮಾಡಿ ತುಂಬಿಸಿ ಕೊಡಿ. ನವೆಂಬರ್-ಡಿಸೆಂಬರ್‌ನಲ್ಲಿ ಸುಗ್ಗಿ ಹಬ್ಬ ಪುತ್ತರಿಗೆ ಕರೆದರೆ ಮಕ್ಕಳನ್ನೂ ಕರೆದುಕೊಂಡು ತಪ್ಪದೆ ಹೋಗಿ.