ಮಹಿಳಾ ಪೈಲಟ್ ಒಬ್ಬರ ಪರಿಚಯ ಲೇಖನ ಬರೆಯುವ ಬಗೆ

ಮಹಿಳಾ ಪೈಲಟ್ ಒಬ್ಬರ ಪರಿಚಯ ಬರೆಯಲು ಕುಳಿತಾಗ ಮೊದಲು ಟಿಪ್ಪಣಿ ಮಾಡಿಕೊಳ್ಳಬೇಕಾದದ್ದು ಅವರ ಪರವಾನಗಿ, ವಿಮಾನ ಮತ್ತು ಮಾರ್ಗದ ವಿವರಗಳನ್ನು. ಪತ್ರಿಕೆಗಳು ಅವರಿಗೆ ಕೊಟ್ಟ ಬಿರುದನ್ನಲ್ಲ. 1964ರಲ್ಲಿ ಜೆರ್ರಿ ಮಾಕ್ ಅಮೆರಿಕದ ಓಹಾಯೋ ರಾಜ್ಯದ ಕೊಲಂಬಸ್‌ನಿಂದ ಹೊರಟು, 29 ದಿನಗಳಲ್ಲಿ ಒಬ್ಬರೇ ಭೂಮಿಯನ್ನು ಸುತ್ತಿ ಅಲ್ಲಿಗೇ ಮರಳಿದರು. ಹಾಗೆ ಮಾಡಿದ ಮೊದಲ ಮಹಿಳೆ ಅವರೇ ಆದರೂ ಪತ್ರಿಕೆಗಳ ಬಾಯಲ್ಲಿ ಅವರು ‘ಹಾರುವ ಗೃಹಿಣಿ’ಯಾದರು. ಲೇಖನ ಈ ಬಿರುದಿನಿಂದ ಆರಂಭವಾದರೆ ಓದುಗರಿಗೆ ಮೂರು ಮಕ್ಕಳ ತಾಯಿಯೊಬ್ಬರು ಕಾಣುತ್ತಾರೆಯೇ ಹೊರತು ಪೈಲಟ್ ಕಾಣುವುದಿಲ್ಲ. ಹನ್ನೊಂದು ವರ್ಷ ಹಳೆಯದಾಗಿದ್ದ ಒಂಟಿ ಎಂಜಿನ್ನಿನ ಸೆಸ್ನಾ 180, ಅದರೊಳಗೆ ಕೂರಿಸಿದ್ದ ಹೆಚ್ಚುವರಿ ಇಂಧನದ ಟ್ಯಾಂಕುಗಳು, ಮರುಭೂಮಿಯ ಮೇಲೆ ಹಾರುತ್ತಿದ್ದಾಗ ಆಂಟೆನಾದ ಮೋಟರ್ ಕಾದು ಮೂಗಿಗೆ ಬಡಿದ ಸುಟ್ಟ ವಾಸನೆ, ಅಷ್ಟೊಂದು ಇಂಧನದ ನಡುವೆ ಕುಳಿತೇ ಅವರು ಆ ಮೋಟರಿನ ಸ್ವಿಚ್ಚನ್ನು ಆರಿಸಿದ್ದು, ಇವುಗಳಿಂದ ಆರಂಭಿಸಿ. ಗೃಹಿಣಿ ಎಂಬುದೂ ಸುಳ್ಳಲ್ಲ. ಅದಕ್ಕೆ ಮೂರನೆಯ ಪ್ಯಾರಾದಲ್ಲಿ ಒಂದು ಸಾಲು ಸಾಕು.

‘ಮೊದಲ’ ಎಂಬ ಪದವನ್ನು ಬಳಸುವಾಗಲೆಲ್ಲ ಯಾವುದರಲ್ಲಿ ಮೊದಲು ಎಂಬುದನ್ನು ಅದೇ ವಾಕ್ಯದಲ್ಲಿ ಹೇಳಬೇಕು. ರೇಮಂಡ್ ದ ಲಾರೋಶ್ ಅವರು 1910ರ ಮಾರ್ಚ್ 8ರಂದು ಫ್ರಾನ್ಸಿನ ಏರೋ ಕ್ಲಬ್ಬಿನ 36ನೆಯ ಪರವಾನಗಿ ಪಡೆದರು. ಪರವಾನಗಿ ಪಡೆದ ಮಹಿಳೆಯರಲ್ಲಿ ಅವರೇ ಮೊದಲಿಗರು. ಆದರೆ ಅವರನ್ನು ‘ವಿಮಾನದಲ್ಲಿ ಹಾರಿದ ಮೊದಲ ಮಹಿಳೆ’ ಎಂದು ಬರೆದರೆ ತಪ್ಪಾಗುತ್ತದೆ, ಏಕೆಂದರೆ 1908ರಲ್ಲೇ ತೆರೇಸ್ ಪೆಲ್ತಿಯೆ ಪ್ರಯಾಣಿಕರಾಗಿ ಹಾರಿದ್ದರು. ಲಾರೋಶ್ ಹೆಸರಿನ ಹಿಂದೆ ಈಗಲೂ ಅಂಟಿಕೊಂಡಿರುವ ‘ಬ್ಯಾರನೆಸ್’ ಕೂಡ ಹುಟ್ಟಿನಿಂದ ಬಂದದ್ದಲ್ಲ. ಅವರು ಪ್ಲಂಬರ್ ಒಬ್ಬರ ಮಗಳು.

ವಿಮಾನವನ್ನು ನಡೆಸಿದವರು ಯಾರು ಎಂಬುದನ್ನೂ ಖಚಿತಪಡಿಸಿಕೊಳ್ಳಿ. ಅಮೇಲಿಯಾ ಇಯರ್‌ಹಾರ್ಟ್ 1928ರಲ್ಲಿ ಅಟ್ಲಾಂಟಿಕ್ ದಾಟಿದ್ದು ಪ್ರಯಾಣಿಕರಾಗಿ. ಆಗ ವಿಮಾನ ನಡೆಸಿದವರು ವಿಲ್ಮರ್ ಸ್ಟಲ್ಟ್ಸ್. ತಾನು ಆಲೂಗಡ್ಡೆ ಮೂಟೆಯಂತೆ ಕುಳಿತಿದ್ದೆನೆಂದು ಇಯರ್‌ಹಾರ್ಟ್ ಅವರೇ ಹೇಳಿಕೊಂಡಿದ್ದರೂ ಮೆರವಣಿಗೆ ನಡೆದೇಹೋಯಿತು. 1932ರ ಮೇ ತಿಂಗಳಲ್ಲಿ, ಎತ್ತರ ತೋರಿಸುವ ಉಪಕರಣ ಕೆಟ್ಟು, ರೆಕ್ಕೆಗಳ ಮೇಲೆ ಹಿಮ ಕಟ್ಟಿದ ವಿಮಾನವನ್ನು ಅವರು ಸುಮಾರು 15 ಗಂಟೆ ಒಬ್ಬರೇ ನಡೆಸಿ ಉತ್ತರ ಐರ್ಲೆಂಡಿನಲ್ಲಿ ಇಳಿಸಿದರು. ಲೇಖನದಲ್ಲಿ ಹೆಚ್ಚು ಜಾಗ ಸಿಗಬೇಕಾದದ್ದು ಈ ಎರಡನೆಯ ಹಾರಾಟಕ್ಕೆ.

ಅಡ್ಡಹೆಸರನ್ನು ಬಳಸಲೇಬೇಕೆಂದಿದ್ದರೆ ಅದನ್ನು ಇಟ್ಟವರನ್ನು ಹೆಸರಿಸಿ. ‘ರಾತ್ರಿಯ ಮಾಟಗಾತಿಯರು’ ಎಂಬುದು ಎರಡನೆಯ ಮಹಾಯುದ್ಧದಲ್ಲಿ ಮಹಿಳೆಯರೇ ಇದ್ದ ಸೋವಿಯತ್ ಒಕ್ಕೂಟದ 588ನೆಯ ರಾತ್ರಿ ಬಾಂಬರ್ ರೆಜಿಮೆಂಟಿಗೆ ಶತ್ರುಗಳಾದ ಜರ್ಮನ್ನರು ಇಟ್ಟ ಹೆಸರು.

‘ಇತಿಹಾಸ ಇವರನ್ನು ಮರೆಯಿತು’ ಎಂಬ ವಾಕ್ಯ ಬರೆಯಲು ಸುಲಭ, ಆದರೆ ಅದರಲ್ಲಿ ಹೊಣೆ ಹೊರುವವರು ಯಾರೂ ಇಲ್ಲ. ಎರಡನೆಯ ಮಹಾಯುದ್ಧದಲ್ಲಿ ಸೇನೆಯ ವಿಮಾನಗಳನ್ನು ಹಾರಿಸುತ್ತಿದ್ದ ಅಮೆರಿಕದ ಮಹಿಳಾ ಪೈಲಟ್‌ಗಳ ‘ವಾಸ್ಪ್’ ಪಡೆಯಲ್ಲಿ 1,074 ಮಹಿಳೆಯರು ತರಬೇತಿ ಮುಗಿಸಿದರು. ಒಟ್ಟು 38 ಮಂದಿ ಸತ್ತರು. ಅವರನ್ನು ನಾಗರಿಕ ಸಿಬ್ಬಂದಿಯೆಂದು ಪರಿಗಣಿಸಿದ್ದರಿಂದ ಶವಪೆಟ್ಟಿಗೆಯ ಮೇಲೆ ಹೊದಿಸಲು ಸೇನೆ ಧ್ವಜ ಕೊಡಲಿಲ್ಲ. ಮಾಜಿ ಸೈನಿಕರ ಸ್ಥಾನಮಾನ ದೊರೆತದ್ದು 1977ರಲ್ಲಿ. ಮರೆವು ಹೇಗೆ ಆಯಿತೆಂಬುದನ್ನು ಇಂಥ ಆಡಳಿತದ ವಿವರಗಳಲ್ಲೇ ತೋರಿಸಬೇಕು.

ಸಾವಿನ ವಿಷಯದಲ್ಲಿ ಕೈ ಬಿಗಿಹಿಡಿಯುವುದು ಒಳ್ಳೆಯದು. ಬ್ರಿಟನ್ನಿನ ಪೈಲಟ್ ಏಮಿ ಜಾನ್ಸನ್ 1941ರ ಜನವರಿಯಲ್ಲಿ ಥೇಮ್ಸ್ ನದೀಮುಖದಲ್ಲಿ ಕಣ್ಮರೆಯಾದ ನಿಗೂಢತೆಗೆ ಎರಡು ಸಾಲು ಮೀಸಲಿಡಿ. ಅವರು 1930ರಲ್ಲಿ ಲಂಡನ್ ಬಳಿಯ ಕ್ರಾಯ್ಡನ್‌ನಿಂದ ಆಸ್ಟ್ರೇಲಿಯಾದ ಡಾರ್ವಿನ್‌ವರೆಗೆ ಒಂಟಿಯಾಗಿ ಹಾರುವುದಕ್ಕೂ ಮುಂಚೆ ವಿಮಾನ ದುರಸ್ತಿಯ ಪರವಾನಗಿಯನ್ನು ಪಡೆದಿದ್ದರೆಂಬುದನ್ನು ಉಳಿದ ಜಾಗದಲ್ಲಿ ವಿವರವಾಗಿ ಬರೆಯಿರಿ.