ಮಾಸ್ ಸ್ಪೆಕ್ಟ್ರಮ್‌ನ ಪೀಕುಗಳು: ಎತ್ತರವನ್ನು ಕೈಯಲ್ಲೇ ಲೆಕ್ಕ ಹಾಕುವುದು ಹೇಗೆ?

ಡೈಕ್ಲೋರೋಮೀಥೇನ್‌ನ ಅಣುತೂಕ 84.93. ಆದರೆ ಅದನ್ನು ಅಣುಗಳ ತೂಕ ಅಳೆಯುವ ಯಂತ್ರವಾದ ಮಾಸ್ ಸ್ಪೆಕ್ಟ್ರೋಮೀಟರ್‌ಗೆ ಹಾಕಿ, ಅದು ಕೊಡುವ ನಕ್ಷೆಯನ್ನು (ಸ್ಪೆಕ್ಟ್ರಮ್) ನೋಡಿ, 84.93ರಲ್ಲಿ ಪೀಕೇ (ಎದ್ದು ನಿಂತ ಗೆರೆಯೇ) ಇರುವುದಿಲ್ಲ. ಬದಲಿಗೆ 84, 86, 88ರಲ್ಲಿ ಮೂರು ಪೀಕುಗಳು ಎದ್ದು ಕಾಣುತ್ತವೆ. ಯಾಕೆ? 84.93 ಎನ್ನುವುದು ಸರಾಸರಿ. ಅಷ್ಟು ತೂಕದ ಅಣು ಒಂದೂ ಇಲ್ಲ. ಯಂತ್ರ ಅಯಾನುಗಳನ್ನು (ಎಲೆಕ್ಟ್ರಾನ್ ಹೊಡೆದು ವಿದ್ಯುದಾವೇಶ ಬರಿಸಿದ ಅಣುಗಳನ್ನು) ಅವುಗಳ ನಿಜವಾದ ತೂಕದ ಪ್ರಕಾರ ಬೇರೆಬೇರೆ ಮಾಡುತ್ತದೆ.

ಪೀಕಿನ ಎತ್ತರ ಆ ತೂಕದ ಅಯಾನುಗಳು ಎಷ್ಟಿವೆ ಎಂದು ತೋರಿಸುತ್ತದೆ. ಆ ಎತ್ತರವನ್ನು ಸಾಫ್ಟ್‌ವೇರ್ ಕ್ಷಣದಲ್ಲಿ ಕೊಡುತ್ತದೆ, ನಿಜ. ಆದರೂ ಒಮ್ಮೆ ಕೈಯಲ್ಲೇ ಲೆಕ್ಕ ಹಾಕಿ ನೋಡಲೇಬೇಕು. ಆಮೇಲೆ ಸ್ಪೆಕ್ಟ್ರಮ್ ನೋಡಿದ ಕೂಡಲೇ ಅಣುವಿನಲ್ಲಿ ಎಷ್ಟು ಕ್ಲೋರಿನ್ ಇದೆ ಎಂದು ಹೊಳೆಯುತ್ತದೆ.

ಮೊದಲು ಪರಮಾಣುಗಳನ್ನು ಎಣಿಸಿ: ಒಂದು ಕಾರ್ಬನ್, ಎರಡು ಹೈಡ್ರೋಜನ್, ಎರಡು ಕ್ಲೋರಿನ್. ಪಕ್ಕದಲ್ಲಿ ಐಸೊಟೋಪುಗಳ (ಒಂದೇ ಧಾತುವಿನ, ಬೇರೆಬೇರೆ ತೂಕದ ಪರಮಾಣುಗಳ) ಪಾಲು ಬರೆದುಕೊಳ್ಳಿ. ಕ್ಲೋರಿನ್-35 ಶೇ 75.76, ಕ್ಲೋರಿನ್-37 ಶೇ 24.24. ಕಾರ್ಬನ್-12 ಶೇ 98.93, ಕಾರ್ಬನ್-13 ಶೇ 1.07. ಭಾರದ ಹೈಡ್ರೋಜನ್ ಶೇ 0.01ರಷ್ಟೇ ಇರುವುದರಿಂದ ಇಲ್ಲಿ ಅದನ್ನು ಬಿಟ್ಟುಬಿಡಿ.

ಈಗ ಕ್ಲೋರಿನ್. ಎರಡೂ 35 ಆಗಿರುವ ಸಾಧ್ಯತೆ 0.7576 × 0.7576, ಅಂದರೆ 0.574. ಒಂದು 35, ಇನ್ನೊಂದು 37 ಆದರೆ? 0.7576 × 0.2424 ಎಂದು ಬರೆದು ನಿಲ್ಲಿಸಬೇಡಿ, ಅದನ್ನು 2ರಿಂದ ಗುಣಿಸಬೇಕು. ಭಾರದ ಕ್ಲೋರಿನ್ ಎರಡು ಜಾಗಗಳಲ್ಲಿ ಯಾವುದರಲ್ಲಾದರೂ ಇರಬಹುದು ಅಲ್ವಾ? ಉತ್ತರ 0.367. ಎರಡೂ 37 ಆದರೆ 0.059. ಮೂರನ್ನೂ ಕೂಡಿಸಿ, 1 ಬರಬೇಕು. ಬರದಿದ್ದರೆ ಆ 2 ಬಿಟ್ಟುಹೋಗಿದೆಯಾ ನೋಡಿ.

ಈ ಮೂರರಲ್ಲಿ ಅತಿ ಎತ್ತರದ ಪೀಕನ್ನು 100 ಎಂದಿಟ್ಟುಕೊಂಡರೆ 84, 86, 88ರ ಎತ್ತರ 100, 64, 10. ಕಾರ್ಬನ್-13ರಿಂದ ಪ್ರತಿ ಪೀಕಿನ ಪಕ್ಕದಲ್ಲೂ ಅದರ ಶೇ 1.1ರಷ್ಟು ಎತ್ತರದ ಪುಟ್ಟ ಪೀಕ್ ಬರುತ್ತದೆ: 85, 87, 89ರಲ್ಲಿ.

ಲೆಕ್ಕವನ್ನು ತಾಳೆ ನೋಡಲು ಅದೇ ಸ್ಪೆಕ್ಟ್ರಮ್‌ನಲ್ಲಿ ಇನ್ನೊಂದು ಜಾಗವಿದೆ. ಎಲೆಕ್ಟ್ರಾನ್ ಹೊಡೆತಕ್ಕೆ ಒಂದು ಕ್ಲೋರಿನ್ ಕಳಚಿಕೊಂಡ ಚೂರು 49 ಮತ್ತು 51ರಲ್ಲಿ ಕಾಣುತ್ತದೆ. ಉಳಿದಿರುವುದು ಒಂದೇ ಕ್ಲೋರಿನ್. ಹಾಗಾಗಿ ಅನುಪಾತ ಸುಮಾರು 3:1.

ಬ್ರೋಮಿನ್‌ನಲ್ಲಿ 79 ಮತ್ತು 81 ಹೆಚ್ಚುಕಡಿಮೆ ಸಮಸಮ. ಒಂದೇ ಬ್ರೋಮಿನ್ ಇದ್ದರೆ ಜೋಡಿ ಪೀಕು. ಎರಡಿದ್ದರೆ 1:2:1.

ಕಾರ್ಬನ್‌ನ ಶೇ 1 ಏನು ಮಹಾ ಅನ್ನಿಸಬಹುದು. ಕಾರ್ಬನ್ ಜಾಸ್ತಿಯಾದ ಹಾಗೆ ಅದೂ ಬೆಳೆಯುತ್ತದೆ. ಕಾರ್ಬನ್ ಸಂಖ್ಯೆಯನ್ನು 1.08ರಿಂದ ಗುಣಿಸಿ. ಮೊದಲ ಪೀಕನ್ನು (ಎಲ್ಲವೂ ಕಾರ್ಬನ್-12) 100 ಎಂದಿಟ್ಟುಕೊಂಡಾಗ ಎರಡನೆಯದರ (ಒಂದು ಕಾರ್ಬನ್-13) ಎತ್ತರ ಎಷ್ಟೆಂದು ಸಿಗುತ್ತದೆ. 60 ಕಾರ್ಬನ್‌ಗಳ ಫುಲರೀನ್‌ನಲ್ಲಿ 720ರ ಪೀಕ್ 100 ಇದ್ದರೆ 721ರದ್ದು 65. ಕಾರ್ಬನ್ 93 ಆದಾಗ ಎರಡನೆಯದೇ ಮೊದಲನೆಯದನ್ನು ಮೀರುತ್ತದೆ. ಮನುಷ್ಯರ ಇನ್ಸುಲಿನ್‌ನಲ್ಲಿ 257 ಕಾರ್ಬನ್‌ಗಳಿವೆ. ಅವೆಲ್ಲವೂ ಕಾರ್ಬನ್-12 ಆಗಿರುವ ಅಣುಗಳು ನೂರಕ್ಕೆ ಆರು ಮಾತ್ರ. ಅಲ್ಲಿ ಅತಿ ಎತ್ತರದ ಪೀಕನ್ನೇ ಮೊದಲನೆಯದು ಎಂದುಕೊಂಡರೆ ಸೂತ್ರವೇ ತಪ್ಪುತ್ತದೆ. ಅಷ್ಟು ದೊಡ್ಡ ಅಣುವಿಗೆ ಸಾಫ್ಟ್‌ವೇರ್ ಬಳಸಿ. ಅದು ಕೊಟ್ಟ ಪಟ್ಟಿಯಲ್ಲಿ ಎಡಗಡೆಯ ಆ ಸಣ್ಣ ಪೀಕನ್ನು ಹುಡುಕಿ, ಅಲ್ಲಿಂದ ಎಣಿಸಿ.