ಬಿಸಿಲು-ಮಳೆಗೆ ಬಣ್ಣಗೆಟ್ಟ ತೇಗದ ಬಾಗಿಲಿಗೆ ಮತ್ತೆ ಪಾಲಿಶ್

ಮುಂಬಾಗಿಲಿನ ತೇಗ ಬೂದುಬಣ್ಣಕ್ಕೆ ತಿರುಗಿದೆ ಎಂದಾಕ್ಷಣ ಮರ ಹಾಳಾಯಿತೆಂದು ತಿಳಿಯಬೇಡಿ. ಬಿಸಿಲಿನ ನೇರಳಾತೀತ ಕಿರಣಗಳು ಮರದ ನಾರುಗಳನ್ನು ಹಿಡಿದಿಡುವ ಲಿಗ್ನಿನ್ ಅನ್ನು ಒಡೆಯುತ್ತವೆ, ಮಳೆ ಅದನ್ನು ತೊಳೆದೊಯ್ಯುತ್ತದೆ. ಉಳಿದ ಬಿಳಿಚಿದ ನಾರೇ ಬೂದಾಗಿ ಕಾಣುವುದು. ಆ ಪದರ ತೀರಾ ತೆಳು. ಚಾಕುವಿನ ತುದಿಯಿಂದ ಕದದ ಕೆಳ ಅಂಚನ್ನು ಚುಚ್ಚಿ ನೋಡಿ. ತುದಿ ಸಲೀಸಾಗಿ ಒಳಗಿಳಿದರೆ ಅಷ್ಟು ಭಾಗ ಕೊಳೆತಿದೆ, ಬಡಗಿಯಿಂದ ಹೊಸ ತುಂಡು ಕೂಡಿಸಬೇಕು. ಇಳಿಯದಿದ್ದರೆ ಪಾಲಿಶ್ ಸಾಕು.

ಕೆಲಸಕ್ಕೆ ಸರಿಯಾದ ಕಾಲ ನವೆಂಬರ್ ಕೊನೆಯಿಂದ ಫೆಬ್ರುವರಿ. ಮಳೆಗಾಲದಲ್ಲಿ ನೀರು ಕುಡಿದು ಉಬ್ಬಿ ಬಿಗಿಯಾಗಿದ್ದ ಕದ ಸಲೀಸಾಗಿ ತೆರೆಯತೊಡಗಿದ ಮೇಲೆ ಇನ್ನೊಂದೆರಡು ವಾರ ಬಿಡಿ. ಮಳೆಯಲ್ಲಿ ಬಿಗಿಯಾಯಿತೆಂದು ಅಂಚು ಕೀಸಿಸಿದರೆ ಬೇಸಿಗೆಯಲ್ಲಿ ಸಂದು ಬಿಡುತ್ತದೆ. ಹಸಿ ಮರದ ಮೇಲೆ ಪಾಲಿಶ್ ಹಾಕಿದರೆ ಒಳಗಿನ ತೇವ ಹೊರಬರಲು ದಾರಿ ಹುಡುಕಿ ಪದರವನ್ನೇ ಎಬ್ಬಿಸುತ್ತದೆ.

ಕದವನ್ನು ನಿಲ್ಲಿಸಿಕೊಂಡೇ ಪಾಲಿಶ್ ಮಾಡಲು ಒಪ್ಪಬೇಡಿ. ಏಳು ಅಡಿ ಎತ್ತರದ ತೇಗದ ಕದ 50 ಕೆ.ಜಿ. ದಾಟುವುದುಂಟು, ಇಳಿಸಲು ಇಬ್ಬರು ಬೇಕು. ಚಿಲಕ, ಹಿಂಜ್, ಹಿಡಿ ಎಲ್ಲವನ್ನೂ ಬಿಚ್ಚಿ, ಕದವನ್ನು ನೆರಳಲ್ಲಿ ಎರಡು ಸ್ಟ್ಯಾಂಡ್‌ಗಳ ಮೇಲೆ ಮಲಗಿಸಿ. ಇಳಿಸದಿದ್ದರೆ ಮೇಲಿನ ಮತ್ತು ಕೆಳಗಿನ ಅಂಚುಗಳಿಗೆ ಕೈ ಹೋಗುವುದೇ ಇಲ್ಲ. ಪಾಲಿಶ್ ಬೇಗ ಹೋಗುವ ಬಹಳಷ್ಟು ಬಾಗಿಲುಗಳಲ್ಲಿ ನೀರು ಹೊಕ್ಕಿರುವುದು ಆ ಅಂಚುಗಳಿಂದಲೇ.

ಹಳೆಯದನ್ನು ತೆಗೆಯುವುದು

ಮೊದಲು ಹಳೆಯ ಪಾಲಿಶ್ ಯಾವುದೆಂದು ತಿಳಿಯಿರಿ. ಹತ್ತಿಯನ್ನು ಸ್ಪಿರಿಟ್‌ನಲ್ಲಿ ಅದ್ದಿ ಒಂದು ಮೂಲೆಯಲ್ಲಿ ಉಜ್ಜಿ. ಅಂಟಂಟಾದರೆ ಅದು ಅರಗಿನ ಫ್ರೆಂಚ್ ಪಾಲಿಶ್, ಸ್ಪಿರಿಟ್‌ನಲ್ಲೇ ಬಿಡುತ್ತದೆ. ಜಗ್ಗದಿದ್ದರೆ ಪೇಂಟ್ ರಿಮೂವರ್ ಬೇಕು. ಬಯಲಲ್ಲಿ, ದಪ್ಪ ರಬ್ಬರ್ ಕೈಗವಸು ಹಾಕಿಕೊಂಡು ದಪ್ಪಗೆ ಹಚ್ಚಿ, 10-15 ನಿಮಿಷ ಬಿಟ್ಟು, ಎಳೆಯ ದಿಕ್ಕಿನಲ್ಲೇ ಕೆರೆಯಿರಿ. ಕೆತ್ತನೆಗೆ ಹಳೆಯ ಹಲ್ಲುಜ್ಜುವ ಬ್ರಷ್ ಸಾಕು. ಕಬ್ಬಿಣದ ಬ್ರಷ್ ಬೇಡ. ಅದರ ಚೂರುಗಳು ತೇಗದ ಟ್ಯಾನಿನ್ (ಮರದ ಒಗರು) ಜೊತೆ ಸೇರಿ ಕಪ್ಪು ಚುಕ್ಕೆಗಳಾಗುತ್ತವೆ. ಕಾಸ್ಟಿಕ್ ಸೋಡಾ ಕೂಡ ಬೇಡ, ಮರ ಕಪ್ಪಾಗುತ್ತದೆ. ಕೊನೆಗೆ ಥಿನ್ನರ್ ಬಟ್ಟೆಯಿಂದ ಒರೆಸಿ. ರಿಮೂವರ್‌ನ ಮೇಣ ಉಳಿದರೆ ಹೊಸದು ಹಿಡಿಯುವುದಿಲ್ಲ.

ಹಳೇ ಮನೆಯ ಬಾಗಿಲಿಗೆ ಎನಾಮಲ್ ಬಣ್ಣ ಬಳಿದಿದ್ದರೆ ಒಣಗಿದಂತೆಯೇ ಉಜ್ಜಬೇಡಿ. ಮನೆಬಣ್ಣಗಳಲ್ಲಿ ಸೀಸದ ಮಿತಿಯನ್ನು 90 ಪಿಪಿಎಂಗೆ (ಹತ್ತು ಲಕ್ಷದಲ್ಲಿ 90 ಭಾಗಕ್ಕೆ) ಇಳಿಸಿದ ಕಾನೂನು ಜಾರಿಗೆ ಬಂದದ್ದು 2017ರಲ್ಲಿ. ಅದಕ್ಕೆ ಮುಂಚಿನ ಬಣ್ಣದ ಪುಡಿ ಮಕ್ಕಳಿಗೆ ಅಪಾಯಕಾರಿ. ರಿಮೂವರ್ ಹಾಕಿ, ಹಸಿಯಾಗಿಯೇ ಕೆರೆದು ತೆಗೆಯಿರಿ.

ಮೊಳೆ, ಹಿಂಜ್ ಸುತ್ತಲಿನ ಕಪ್ಪು ಕಲೆಗೆ ಆಕ್ಸಾಲಿಕ್ ಆಸಿಡ್ ಮದ್ದು. ಪ್ಲಾಸ್ಟಿಕ್ ಬಕೆಟ್‌ನಲ್ಲಿ ಒಂದು ಲೀಟರ್ ಬಿಸಿನೀರಿಗೆ 50-60 ಗ್ರಾಂ ಕರಗಿಸಿ. ಕಲೆ ಇರುವಲ್ಲಿ ಮಾತ್ರ ಹಚ್ಚಿದರೆ ತೇಪೆಯಂತೆ ಕಾಣುತ್ತದೆ, ಇಡೀ ಮುಖಕ್ಕೆ ಹಚ್ಚಿ. 20 ನಿಮಿಷದ ನಂತರ ಎರಡು ಮೂರು ಬಾರಿ ಚೆನ್ನಾಗಿ ತೊಳೆದು, ಮೂರು ದಿನ ನೆರಳಲ್ಲಿ ಒಣಗಿಸಿ. ಇದು ವಿಷ, ಮಾಸ್ಕ್ ಮತ್ತು ಕನ್ನಡಕ ಕಡ್ಡಾಯ. ಬೂಷ್ಟಿಗೆಂದು ಬ್ಲೀಚಿಂಗ್ ಬಳಸಿದ್ದರೆ ಪೂರ್ತಿ ತೊಳೆದು ಒಣಗಿಸಿದ ಮೇಲಷ್ಟೇ ಆಸಿಡ್ ಮುಟ್ಟಿ. ಎರಡೂ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ.

ಹೊಸ್ತಿಲಿನ ಅರಿಶಿನದ ಕಲೆಗೆ ಇಷ್ಟೆಲ್ಲ ಬೇಡ. ಸ್ಪಿರಿಟ್‌ನಲ್ಲಿ ಒರೆಸಿ ಬಿಸಿಲು ತಾಗಲು ಬಿಟ್ಟರೆ ಮಾಸುತ್ತದೆ. ದೀಪದ ಎಣ್ಣೆ ಇಳಿದ ಜಾಗವನ್ನು ಮಾತ್ರ ಥಿನ್ನರ್‌ನಲ್ಲಿ ಮತ್ತೆ ಮತ್ತೆ ಒರೆಸಬೇಕು.

ಉಜ್ಜುವುದು, ತುಂಬುವುದು

ಸ್ಯಾಂಡ್‌ಪೇಪರ್ 80, ಆಮೇಲೆ 120, ಕೊನೆಗೆ 180. ಅಲ್ಲಿಗೆ ನಿಲ್ಲಿಸಿ. ಅದಕ್ಕೂ ನಯ ಮಾಡಿದರೆ ಸ್ಟೇನ್ (ಮರಕ್ಕೆ ಬಣ್ಣ ಕೊಡುವ ದ್ರವ) ಒಳಗಿಳಿಯದೆ ಮೇಲೇ ತೇಲುತ್ತದೆ. ಅಡ್ಡ ಉಜ್ಜಿದ ಗೀರು ಈಗ ಕಾಣದು, ಸ್ಟೇನ್ ಬಿದ್ದೊಡನೆ ಎದ್ದು ಕಾಣುತ್ತದೆ. ಕೆತ್ತನೆಗೆ ಮೆಷಿನ್ ತಾಗಿಸಲೇಬೇಡಿ.

ಬಿರುಕುಗಳಿಗೆ ಅದೇ ಮರದ ಪುಡಿ ಬೆರೆಸಿದ ಎಪಾಕ್ಸಿ ತುಂಬಿ. ಬಿಳಿ ಗೋಂದು ಸ್ಟೇನ್ ಕುಡಿಯುವುದಿಲ್ಲ, ಕಲೆಯಾಗಿ ಉಳಿಯುತ್ತದೆ. ಆದರೆ ನಡುವಿನ ಹಲಗೆ ಕದದ ಪಟ್ಟಿಗಳೊಳಗೆ ಕೂರುವ ಸಂದನ್ನು ಮುಚ್ಚಬೇಡಿ. ಹಲಗೆ ಮಳೆಗೆ ಹಿಗ್ಗಿ ಬಿಸಿಲಿಗೆ ಕುಗ್ಗಲೆಂದೇ ಬಡಗಿ ಆ ಜಾಗ ಬಿಟ್ಟಿರುತ್ತಾನೆ. ಅದನ್ನು ಗಟ್ಟಿ ಮಾಡಿದರೆ ಹಲಗೆ ನಡುವೆ ಸೀಳುತ್ತದೆ.

ಬಣ್ಣ, ಪಾಲಿಶ್

ತೇಗದಲ್ಲಿ ಸಹಜವಾಗಿಯೇ ಎಣ್ಣೆ ಇದೆ. ಸ್ಟೇನ್ ಹಚ್ಚುವ ಮುನ್ನ ಥಿನ್ನರ್‌ನಲ್ಲಿ ಒರೆಸಿ ಒಣಗಿಸಿ. ಹೊರಬಾಗಿಲಿಗೆ ಪಿಗ್ಮೆಂಟ್ ಇರುವ ಸ್ಟೇನ್ ಕೇಳಿ ತನ್ನಿ, ಡೈ ಬಣ್ಣ ಬಿಸಿಲಿಗೆ ಬೇಗ ಮಾಸುತ್ತದೆ. ಹಿಂಬದಿಯಲ್ಲಿ ಒಂದು ಗೇಣು ಹಚ್ಚಿ ನೋಡಿದ ಮೇಲೆಯೇ ಮುಂದುವರಿಯಿರಿ. ಮೊದಲು ಹಲಗೆಗಳು, ಆಮೇಲೆ ಅಡ್ಡಪಟ್ಟಿ, ಕೊನೆಗೆ ನಿಲುವುಪಟ್ಟಿ. ಒಂದು ಭಾಗ ಮುಗಿಸದೆ ಕೈ ಬಿಡಬೇಡಿ. ಅರ್ಧಕ್ಕೆ ಒಣಗಿದರೆ ಕೂಡುಗೆರೆ ಉಳಿಯುತ್ತದೆ. ಮೂರು-ನಾಲ್ಕು ನಿಮಿಷದಲ್ಲಿ ಹೆಚ್ಚಿನದನ್ನು ಒರೆಸಿ, ರಾತ್ರಿಯಿಡೀ ಬಿಡಿ.

ಮೇಲೆ ಹೊರಾಂಗಣದ ಪಿಯು (ಪಾಲಿಯುರೆಥೇನ್ ಪಾಲಿಶ್), ಮೂರು ಕೋಟ್. ಒಳಮನೆಯ ಮೆಲಮೈನ್ ಪಾಲಿಶ್ ಬಿಸಿಲಲ್ಲಿ ಸೀಳುತ್ತದೆ, ಅರಗು ನೀರಿಗೆ ಬೆಳ್ಳಗಾಗುತ್ತದೆ. ಒಂದು ಕದದ ಹೊರಮುಖ, ಅಂಚುಗಳು, ದಾರಂದ ಸೇರಿ ಸುಮಾರು 40 ಚದರಡಿ. ಅರ್ಧ ಲೀಟರ್ ಸ್ಟೇನ್, ಒಂದೂವರೆ ಲೀಟರ್ ಪಿಯು ಸಾಲುತ್ತದೆ. ಪಿಯುಗೆ ಬೆರೆಸುವ ಗಟ್ಟಿಕಾರಕದ (ಹಾರ್ಡನರ್) ಪ್ರಮಾಣ, ಕೋಟ್‌ಗಳ ನಡುವಿನ ಅಂತರ ಡಬ್ಬಿಯ ಮೇಲಿದ್ದಂತೆಯೇ ಇರಲಿ. ಪ್ರತಿ ಕೋಟ್ ನಡುವೆ 320ರಲ್ಲಿ ಹಗುರವಾಗಿ ಉಜ್ಜಿ, ಪುಡಿ ಒರೆಸಿ. ಮೋಡ ಕವಿದು ಜಿನುಗುವ ದಿನ ಕೆಲಸ ಮುಂದೂಡಿ, ಗುಳ್ಳೆ ಏಳುತ್ತವೆ. ಕೆಳ ಅಂಚಿನಲ್ಲಿ ನಿಲುವುಪಟ್ಟಿಗಳ ಕೊಯ್ದ ತುದಿಗಳಿವೆ. ಹೊಸ್ತಿಲು ತೊಳೆದ ನೀರನ್ನು ಬತ್ತಿ ಎಣ್ಣೆ ಹೀರಿದಂತೆ ಹೀರುವುದು ಅವೇ. ಅಲ್ಲಿಗೆ ಇನ್ನೆರಡು ಕೋಟ್ ಕೊಡಿ.

ಪಿಯು ಬದಲು ಎಣ್ಣೆಯೇ ಬೇಕೆನ್ನುವವರು ಬೇಯಿಸಿದ ಅಗಸೆ ಎಣ್ಣೆಗೆ ಸಮ ಟರ್ಪೆಂಟೈನ್ ಬೆರೆಸಿ ಹಚ್ಚಬಹುದು, ಪ್ರತಿವರ್ಷ ಹಚ್ಚಬೇಕು. ಕರಾವಳಿ, ಮಲೆನಾಡಿನ ತೇವದಲ್ಲಿ ಇದಕ್ಕೆ ಬೂಷ್ಟು ಬೇಗ ಹಿಡಿಯುತ್ತದೆ. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಬಿಸಾಡಿದರೆ ತಾನಾಗಿ ಬೆಂಕಿ ಹತ್ತೀತು, ನೀರಲ್ಲಿ ನೆನೆಸಿಡಿ. ತೆಂಗಿನೆಣ್ಣೆ ಒಣಗುವುದೇ ಇಲ್ಲ, ಧೂಳು ಮೆತ್ತಿಕೊಳ್ಳುತ್ತದೆ.

ಕದ ಏರಿಸುವಾಗ ಕಬ್ಬಿಣದ ಸ್ಕ್ರೂ ಬದಲು ಹಿತ್ತಾಳೆಯದು ಹಾಕಿಸಿ. ತೋರಣಕ್ಕೂ ಮೊಳೆ ಹೊಡೆಯದೆ ಹಿತ್ತಾಳೆ ಕೊಕ್ಕೆ ಕೂರಿಸಿ. ಒಂದು ವಾರ ಹೊಸ್ತಿಲಿಗೆ ನೀರು ಸುರಿಯಬೇಡಿ. ಮುಂದೆ ಪ್ರತಿ ಮೇ ತಿಂಗಳಲ್ಲಿ ಕದದ ಮೇಲೆ ನಾಲ್ಕು ಹನಿ ನೀರು ಚಿಮುಕಿಸಿ. ಹನಿ ಮಣಿಯಾಗಿ ನಿಂತರೆ ಸರಿ. ಹರಡಿ ಮರ ಕಪ್ಪಾದರೆ ಮಳೆ ಹಿಡಿಯುವ ಮೊದಲೇ 320ರಲ್ಲಿ ಉಜ್ಜಿ ಒಂದು ಕೋಟ್ ಕೊಡಿ.